ಉಪಭೋಗದ ವಸ್ತು ಮತ್ತು ಕೊಳ್ಳುವವನ ಹೊಣೆ

ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವುದು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಮಾಡಿರುವ ಈ ವಿಭಾಗವನ್ನು ವಾಚಕರು ಬಲ್ಲರು. ಅನ್ನ ಮೊದಲನೆಯದಕ್ಕೆ ನಿದರ್ಶನ, ವಸ್ತ್ರ ಎರಡನೆಯದಕ್ಕೆ. ಎರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳುವುದು ಗೃಹಸ್ಥನ ವ್ರತಗಳಲ್ಲೊಂದು. ಇಂದು ಮನೆಮನೆಗೆ ಬಂದಿರುವ ಲ್ಯಾಪ್‌ಟಾಪ್ ಎಂಬ ಗಣಕಯಂತ್ರವು ಸ್ವಭಾವತಃ ಉಪಭೋಗದ ವಸ್ತು. ಆದರೆ ಅದನ್ನು ತಯಾರಿಸುವ ರೀತಿಯು ಅದನ್ನು ಭೋಗದ ವಸ್ತುವನ್ನಾಗಿ ಮಾಡುತ್ತಿದೆ. ಬ್ಯಾಟರಿಯನ್ನು ಅಂಟಿನಿಂದ ಕೂರಿಸುತ್ತಾರೆ. ಮೆಮೊರಿಯನ್ನು ಮುಖ್ಯ ಫಲಕಕ್ಕೇ ಬೆಸೆಯುತ್ತಾರೆ. ಒಂದು ಅಂಗ ಕೆಟ್ಟರೆ ಇಡೀ ಯಂತ್ರವೇ ಕಸವಾಗುತ್ತದೆ.

ಯಂತ್ರವು ಕೆಡದಿದ್ದರೂ ಅದಕ್ಕೆ ಮುಪ್ಪನ್ನು ತರಿಸಬಹುದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಸುಸ್ಥಿತಿಯಲ್ಲಿದ್ದ ಅನೇಕ ಯಂತ್ರಗಳು ವಿಂಡೋಸ್ 11ರ ನಿಬಂಧನೆಗಳಿಗೆ ಹೊಂದದೆ ಹಿಂದುಳಿದವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ತ್ಯಾಜ್ಯವು ಸುಮಾರು 6 ಕೋಟಿ 20 ಲಕ್ಷ ಟನ್. ಇದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದೆಂದು ದಾಖಲೆಯಿರುವುದು ನೂರಕ್ಕೆ 22.3 ಪಾಲು ಮಾತ್ರ. ಉಳಿದುದರಲ್ಲಿ ಒಂದು ಭಾಗವು ನೆಲವನ್ನೋ ನೀರನ್ನೋ ಸೇರುತ್ತದೆ, ಇಲ್ಲವೆ ಬಡವರ ಕೈಯಲ್ಲಿ ಸುಟ್ಟು ಹೊಗೆಯಾಗುತ್ತದೆ. ಅಲ್ಲಿ ನಡೆಯುವ ಜೀವಹಾನಿಯನ್ನು ವಿವರಿಸಬೇಕಾಗಿಲ್ಲ.

ಈ ಪದ್ಧತಿಗೆ ಪ್ರತಿಯಾಗಿ ನಿಂತ ಸಂಸ್ಥೆಗಳೂ ಇವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2020ರಲ್ಲಿ ಆರಂಭವಾದ ಫ್ರೇಮ್‌ವರ್ಕ್ ಎಂಬ ಸಂಸ್ಥೆಯು 2021ರಲ್ಲಿ ತನ್ನ ಮೊದಲ ಲ್ಯಾಪ್‌ಟಾಪನ್ನು ಹೊರತಂದಾಗ, ಅದರೊಡನೆ ಒಂದು ತಿರುಪುಳಿಯನ್ನೂ ಇಟ್ಟು ಕೊಟ್ಟಿತು. ಬ್ಯಾಟರಿ, ಪರದೆ, ಕೀಲಿಮಣೆಗಳನ್ನು ಬಳಸುವವನೇ ಬಿಚ್ಚಿ ಬದಲಿಸಬಹುದು. ಮುಂದಿನ ವರ್ಷಗಳಲ್ಲಿ ಬಂದ ಹೊಸ ಮುಖ್ಯ ಫಲಕವನ್ನು ಹಳೆಯ ಕವಚದಲ್ಲಿಯೇ ಕೂರಿಸಬಹುದು. ವಸ್ತುವನ್ನು ಗೌರವಿಸುವ ಮನಸ್ಸುಳ್ಳವರು ಇದನ್ನು ತಮ್ಮದೇ ಮೌಲ್ಯಗಳ ಸಂಸ್ಥೆಯೆಂದು ಬಗೆದುದರಲ್ಲಿ ಆಶ್ಚರ್ಯವಿಲ್ಲ.

ಆದರೆ 2025ರ ಅಕ್ಟೋಬರ್‌ನಲ್ಲಿ ಅದೇ ಗ್ರಾಹಕರಲ್ಲಿ ಭೇದವುಂಟಾಯಿತು. ಸಂಸ್ಥೆಯು ಬೆಂಬಲವಿತ್ತ ಕೆಲವು ಮುಕ್ತ ತಂತ್ರಾಂಶ ಯೋಜನೆಗಳ ಮುಖ್ಯಸ್ಥರ ನಿಲುವು ನಡೆನುಡಿಗಳನ್ನು ಹಲವರು ಬಹಿರಂಗವಾಗಿ ಆಕ್ಷೇಪಿಸಿದರು. ಭಿನ್ನಮತದವರೆಲ್ಲರಿಗೂ ಎಡೆಯಿರುವ ದೊಡ್ಡ ಚಪ್ಪರ ತಮ್ಮದು ಎಂಬುದು ಸಂಸ್ಥೆಯ ಸಮಾಧಾನವಾಗಿತ್ತು. ಇನ್ನು ಮುಂದೆ ಇವರಲ್ಲಿ ಕೊಳ್ಳುವುದಿಲ್ಲವೆಂದು ಕೆಲವರು ನಿಶ್ಚಯಿಸಿದರು. ಇಲ್ಲಿ ಏಳುವ ಪ್ರಶ್ನೆ ಇದು: ವಸ್ತು ನಿರ್ದುಷ್ಟವಾಗಿದ್ದು, ಮಾರುವವನ ನಡೆ ನಮ್ಮ ಅಂತಃಕರಣಕ್ಕೆ ಒಪ್ಪದಿದ್ದರೆ ಕೊಳ್ಳುವವನ ಹೊಣೆ ಎಷ್ಟರಮಟ್ಟಿನದು?

ಕೃತ, ಕಾರಿತ, ಅನುಮೋದಿತವೆಂಬ ಮೂರು ಅಳತೆಗೋಲುಗಳು ಇಲ್ಲಿ ಉಪಯುಕ್ತವಾಗಿವೆ. ನಾವು ಕೊಟ್ಟ ಬೆಲೆಯಿಂದ ಯಂತ್ರವೊಂದು ತಯಾರಾಗುತ್ತದೆ; ಅದರ ತಯಾರಿಕೆಯಲ್ಲಿ ಭೂಮಿಗೂ ಜೀವಿಗಳಿಗೂ ಆಗುವ ನೋವು ನಾವು ಮಾಡಿಸಿದುದೇ ಸರಿ. ಅದರಿಂದ ಯಾವ ಕೊಳ್ಳುಗನೂ ತಪ್ಪಿಸಿಕೊಳ್ಳಲಾರನು. ಲಾಭದ ಹಣವನ್ನು ವ್ಯಾಪಾರಿಯು ಸ್ವೇಚ್ಛೆಯಿಂದ ಎಲ್ಲಿ ವಿನಿಯೋಗಿಸುವನೆಂಬುದು ನಾವು ಮಾಡಿಸಿದುದಲ್ಲ. ಆದರೆ ಅರಿತ ಮೇಲೆ ಕೊಡುವ ಹಣವು ಅರಿಯದೆ ಕೊಟ್ಟ ಹಣದಂತಲ್ಲ. ತಿಳಿದೂ ಆ ಸಂಸ್ಥೆಯನ್ನು ನಮ್ಮದೆಂದು ಕೊಂಡಾಡುತ್ತ ಹೋದರೆ ಅಲ್ಲಿ ಅನುಮೋದನೆ ಸೇರಿಕೊಳ್ಳುತ್ತದೆ. ವ್ಯಾಪಾರಿಗೆ ಸಲ್ಲಬೇಕಾದುದು ಬೆಲೆ ಮಾತ್ರ, ಭಕ್ತಿಯಲ್ಲ. ಭಕ್ತಿಯನ್ನು ಕೊಟ್ಟವನಿಗೆ ಮಾತ್ರ ಮೋಸಹೋದೆನೆಂಬ ಕಳವಳ ಉಂಟಾಗುತ್ತದೆ.

ಹಾಗಾದರೆ ವಸ್ತುವನ್ನಷ್ಟೇ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ದುರಸ್ತಿಗೆ ಒದಗುವ ಯಂತ್ರವನ್ನು ಕೊಂಡವನು ಬಿಡಿಭಾಗಗಳಿಗಾಗಿ ಹಲವು ವರ್ಷ ಅದೇ ಸಂಸ್ಥೆಯ ಬಾಗಿಲಿಗೆ ಹೋಗಬೇಕಾಗುತ್ತದೆ. ಒಮ್ಮೆ ಕೊಂಡು ಬಿಸಾಡುವವನಿಗಿಂತ ಅವನ ಸಂಬಂಧವು ದೀರ್ಘವಾದುದು. ಸಂಸ್ಥೆಯ ನಿಲುವಾದರೂ ಸ್ಥಿರವೆನ್ನಲಾಗದು: ಫ್ರೇಮ್‌ವರ್ಕ್ 2025ರಲ್ಲಿ ಪ್ರಕಟಿಸಿದ ಮೇಜಿನ ಗಣಕದಲ್ಲಿ ಮೆಮೊರಿಯನ್ನು ಬೆಸೆದೇ ಕೊಟ್ಟಿತು, ಆಯ್ದುಕೊಂಡ ಸಂಸ್ಕಾರಕಕ್ಕೆ ಅದು ಅನಿವಾರ್ಯವೆಂದು ಹೇಳಿತು. ಆದುದರಿಂದ ಸಂಸ್ಥೆಯ ಮಾತಿಗಿಂತ, ಸಂಸ್ಥೆ ಮಾತು ತಪ್ಪಿದರೂ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬುದೇ ಮುಖ್ಯವಾದ ಪರೀಕ್ಷೆ. ಬರ್ಲಿನ್‌ನ ಎಂಎನ್‌ಟಿ ರಿಸರ್ಚ್ ತನ್ನ ರಿಫಾರ್ಮ್ ಎಂಬ ಲ್ಯಾಪ್‌ಟಾಪಿನ ವಿದ್ಯುನ್ಮಂಡಲದ ನಕ್ಷೆಗಳನ್ನೇ ಲೋಕಕ್ಕೆ ತೆರೆದಿಟ್ಟಿದೆ. ಅದರ ಬ್ಯಾಟರಿಕೋಶಗಳನ್ನು ಒಂದೊಂದಾಗಿ ಬದಲಿಸಬಹುದು. ವೇಗದಲ್ಲಿ ಅದು ಹಿಂದೆ, ಬೆಲೆಯೂ ಅಗ್ಗವಲ್ಲ. ಆದರೆ ತಯಾರಿಸಿದವನು ನಾಳೆ ಇಲ್ಲವಾದರೂ ಕುಶಲಿಯಾದ ಬೇರೊಬ್ಬನು ಅದನ್ನು ಸರಿಪಡಿಸಬಲ್ಲನು. ಮೌಲ್ಯವು ಪ್ರಕಟಣೆಯಲ್ಲಿಲ್ಲದೆ ವಸ್ತುವಿನಲ್ಲಿಯೇ ನೆಲೆಸುವುದೆಂದರೆ ಇದು.

ಇಂಥದನ್ನು ಅಳೆಯುವ ಸಾಧನಗಳು ಈಗ ಒದಗುತ್ತಿವೆ. ಫ್ರಾನ್ಸ್ ದೇಶವು 2021ರಿಂದ ಲ್ಯಾಪ್‌ಟಾಪ್ ಮೊದಲಾದ ವಸ್ತುಗಳಿಗೆ ಹತ್ತು ಅಂಕಗಳ ದುರಸ್ತಿ ಸೂಚಿಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವನ್ನು ತೆರೆಯಿತು.

ಇಷ್ಟು ವಿಚಾರಿಸಿದ ಮೇಲೂ ಒಂದು ಸೂಕ್ಷ್ಮ ದೋಷವು ಉಳಿಯುತ್ತದೆ. ಕೆಲಸ ಮಾಡುತ್ತಿರುವ ಯಂತ್ರವನ್ನು ಮೂಲೆಗಿಟ್ಟು, ಪುಣ್ಯದ ಯಂತ್ರವೆಂದು ಹೊಸದೊಂದನ್ನು ತರುವುದು ತ್ಯಾಗದ ವೇಷ ತೊಟ್ಟ ಪರಿಗ್ರಹವೇ ಆಗಿದೆ. ಲ್ಯಾಪ್‌ಟಾಪಿನ ಜೀವಿತಾವಧಿಯ ಪರಿಸರಹೊರೆಯಲ್ಲಿ ಬಹುಪಾಲು ಅದರ ತಯಾರಿಕೆಯಲ್ಲಿಯೇ ಸಂಭವಿಸುತ್ತದೆಂದು ತಯಾರಕರ ಲೆಕ್ಕಗಳೇ ಹೇಳುತ್ತವೆ. ಅಂತೆಯೇ ಸಂಸ್ಥೆಯ ಮೇಲಿನ ಕೋಪದಿಂದ ಕೈಯಲ್ಲಿರುವುದನ್ನು ಎಸೆಯುವುದೂ ನಿರರ್ಥಕ. ಕೊಟ್ಟ ಹಣವು ಮರಳದು, ಕಸ ಮಾತ್ರ ಬೆಳೆಯುವುದು. ಅಸಮ್ಮತಿಯನ್ನು ಅವರಿಗೆ ಬರೆದು ತಿಳಿಸಿ, ಇರುವುದನ್ನು ಕೊನೆಯವರೆಗೆ ಬಳಸಿ, ಮುಂದಿನ ಖರೀದಿಯಲ್ಲಿ ದೂರವಿರುವುದು ಸರಿಯಾದ ಮಾರ್ಗ.

ಆದುದರಿಂದ ಪ್ರಶ್ನೆಗಳಿಗೆ ಕ್ರಮವೊಂದಿರಲಿ. ನನಗೆ ಇದು ಬೇಕೇ? ಇರುವುದು ದುರಸ್ತಿಯಾದೀತೇ? ಬಳಸಿದ ಯಂತ್ರವೊಂದು ಸಾಲದೇ? ಈ ಮೂರಕ್ಕೂ ಉತ್ತರ ದೊರೆತ ಬಳಿಕ ಹೊಸದರ ಮಾತು. ಆಗ ವಸ್ತುವಿನ ಗುಣ, ಅನಂತರ ಮಾರುವವನ ನಡೆ. ಬೆಂಗಳೂರಿನ ಸರ್ದಾರ್ ಪತ್ರಪ್ಪ ರಸ್ತೆಯ ಚಿಕ್ಕ ಅಂಗಡಿಗಳಲ್ಲಿ ಹಳೆಯ ಗಣಕಗಳಿಗೆ ಜೀವ ತುಂಬುವ ಕುಶಲಕರ್ಮಿಗಳು ಇಂದಿಗೂ ಇದ್ದಾರೆ. ವಿಂಡೋಸ್ ಕೈಬಿಟ್ಟ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಸುಗಮವಾಗಿ ನಡೆಯುತ್ತದೆ. ಹೊಸದನ್ನು ಕೊಳ್ಳುವೆನೆಂದು ಹೊರಡುವ ಮೊದಲು, ಮನೆಯಲ್ಲಿರುವ ಯಂತ್ರದ ಕೆಳತಟ್ಟೆಯನ್ನು ಬಲ್ಲವರಿಂದ ಒಮ್ಮೆ ಬಿಚ್ಚಿಸಿ ನೋಡಿರಿ.