ನೋಟದ ಫಲ ಯಾರ ಪಾಲಿಗೆ?

ಯಂತ್ರ ನಿಜವಾಗಿ ನೋಡುತ್ತದೆಯೇ ಎಂಬ ಪ್ರಶ್ನೆ ತತ್ತ್ವಜ್ಞರಿಗೆ ಪ್ರಿಯವಾದದ್ದು. ನನಗೆ ಅದಕ್ಕಿಂತ ದೊಡ್ಡದೆನಿಸುವ ಪ್ರಶ್ನೆ ಬೇರೆ: ಯಂತ್ರ ನೋಡಿದ ಮೇಲೆ ಏನಾಗುತ್ತದೆ? ನೋಟಕ್ಕೆ ಒಳಗಾದವರಿಗೆ ಅದರಿಂದ ಏನು ಸಿಗುತ್ತದೆ? ಗಣಕಕ್ಕೆ ನೋಡಲು ಕಲಿಸುವ ‘ಕಂಪ್ಯೂಟರ್ ವಿಷನ್’ ಸಂಶೋಧನೆಯನ್ನು ನಾವು ನಿಖರತೆಯ ಅಂಕಿಯಿಂದ ಅಳೆಯುತ್ತಿದ್ದೇವೆ. ಆ ಅಂಕಿ ಬೇಕು, ನಿಜ. ಆದರೆ ಅದು ಅರ್ಧ ಲೆಕ್ಕ.

ಸಕ್ಕರೆ ಕಾಯಿಲೆ ಇರುವವರ ಕಣ್ಣನ್ನೇ ತೆಗೆದುಕೊಳ್ಳಿ. ವರ್ಷಗಳು ಕಳೆದಂತೆ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಉಬ್ಬುತ್ತವೆ, ಸೋರುತ್ತವೆ. ಮೊದಮೊದಲು ನೋವಿಲ್ಲ, ಮಬ್ಬೂ ಇಲ್ಲ. ಕಣ್ಣು ಕಾಣುತ್ತಿಲ್ಲವೆಂದು ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಹಾನಿ ಬಹಳ ಮುಂದೆ ಹೋಗಿರುತ್ತದೆ. ಬೇಗ ಪತ್ತೆಯಾದರೆ ಲೇಸರ್‌ನಿಂದ, ಚುಚ್ಚುಮದ್ದಿನಿಂದ ದೃಷ್ಟಿ ಉಳಿಸಬಹುದು. ಆದರೆ ಸಕ್ಕರೆ ಕಾಯಿಲೆಯವರೆಲ್ಲರ ಕಣ್ಣನ್ನೂ ಆಗಾಗ ನೋಡುವಷ್ಟು ತಜ್ಞರು ನಮ್ಮ ದೇಶದಲ್ಲಿಲ್ಲ. ಯಂತ್ರದ ನೆರವು ಇಲ್ಲಿ ಶೋಕಿಯಲ್ಲ, ಅಗತ್ಯ.

2016ರಲ್ಲಿ ಗೂಗಲ್‌ನ ಸಂಶೋಧಕರು ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ದಾರಿಯ ಮುಖ್ಯ ಘಟ್ಟ. ಅಕ್ಷಿಪಟಲದ 1,28,175 ಚಿತ್ರಗಳಿಂದ ಈ ರೋಗವನ್ನು ಗುರುತಿಸಲು ಗಣಕ ಕಲಿಯಿತು. ಚಿತ್ರಗಳು ಅಮೆರಿಕದಿಂದ ಮತ್ತು ಭಾರತದ ಮೂರು ಆಸ್ಪತ್ರೆಗಳಿಂದ ಬಂದಿದ್ದವು: ಅರವಿಂದ್ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ. ಕಲಿಕೆಯ ಒಂದೊಂದು ಚಿತ್ರವನ್ನೂ 54 ವೈದ್ಯರ ತಂಡದಲ್ಲಿ ಮೂವರಿಂದ ಏಳು ಮಂದಿ ನೋಡಿ ರೋಗದ ಹಂತ ಗುರುತಿಸಿದರು. ಎಲ್ಲರೂ ಒಂದೇ ಮಾತು ಹೇಳಲಿಲ್ಲ. ಒಂದೇ ಕಣ್ಣಿನ ಚಿತ್ರ ಒಬ್ಬರಿಗೆ ಸೌಮ್ಯವಾಗಿ, ಇನ್ನೊಬ್ಬರಿಗೆ ಗಂಭೀರವಾಗಿ ಕಾಣುವುದುಂಟು. ಕಲಿತದ್ದನ್ನು ಒರೆಗೆ ಹಚ್ಚುವಾಗ ಬಹುಮತದ ತೀರ್ಪನ್ನೇ ಸತ್ಯವೆಂದು ಹಿಡಿಯಲಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಂತ್ರದ ನೋಟ ಎಂದು ನಾವು ಕರೆಯುವುದು ಆ ವೈದ್ಯರ ತಿಳಿವಳಿಕೆ, ಅನುಮಾನ, ಭಿನ್ನಾಭಿಪ್ರಾಯಗಳು ಹದಗೊಂಡು ನಿಂತ ಒಂದು ರೂಪ. ಅದರ ಇನ್ನೊಂದು ಪಾಲು ಯಂತ್ರದ ಮುಂದೆ ಗದ್ದವಿಟ್ಟು ಕೂತ ರೋಗಿಗಳದ್ದು. ಅವರ ಕಣ್ಣಿಲ್ಲದೆ ಯಂತ್ರಕ್ಕೆ ಕಣ್ಣಿಲ್ಲ. ಹಾಗಾದರೆ ಯಂತ್ರದ ನೋಟದ ಮೇಲೆ ಅವರ ಋಣ ಇದೆ, ಮತ್ತು ಋಣ ತೀರುವುದು ಅಂಥ ರೋಗಿಗಳಿಗೆ ಬೆಳಕು ಉಳಿದಾಗ ಮಾತ್ರ, ಪ್ರಬಂಧ ಪ್ರಕಟವಾದಾಗಲ್ಲ.

ಈ ಮಾತು ಬರೀ ಭಾವುಕತೆಯಲ್ಲ ಎಂಬುದಕ್ಕೆ ಥಾಯ್ಲೆಂಡ್ ಸಾಕ್ಷಿ. ಗೂಗಲ್‌ನವರೇ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಪಥುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಕ್ಲಿನಿಕ್‌ಗಳದ್ದು. ಪ್ರಯೋಗಾಲಯದಲ್ಲಿ ತಜ್ಞರಿಗೆ ಸಾಟಿಯಾಗಿದ್ದ ವ್ಯವಸ್ಥೆ ಅಲ್ಲಿ 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಗುಣಮಟ್ಟ ಸಾಲದೆಂದು ತಿರಸ್ಕರಿಸಿತು. ಕಾರಣ ದೊಡ್ಡದೇನಲ್ಲ: ಎಷ್ಟೋ ಕಡೆ ಕೋಣೆಯನ್ನು ಕತ್ತಲು ಮಾಡುವ ಅನುಕೂಲವಿರಲಿಲ್ಲ. ಇಂಟರ್ನೆಟ್ ನಿಧಾನವಾದಾಗ ರೋಗಿಗಳ ಸಾಲು ನಿಂತಲ್ಲೇ ನಿಂತಿತು. ಚಿತ್ರ ತಿರಸ್ಕೃತವಾದವರು ಬೇರೆ ಊರಿನ ತಜ್ಞರ ಬಳಿ ಹೋಗಬೇಕು, ಅಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಇದನ್ನರಿತ ಕೆಲವು ದಾದಿಯರು ಪ್ರಯೋಗಕ್ಕೆ ಸೇರಬೇಡಿ ಎಂದೇ ರೋಗಿಗಳಿಗೆ ಸೂಚಿಸಿದರು. ನನ್ನ ದೃಷ್ಟಿಯಲ್ಲಿ ಆ ದಾದಿಯರು ವಿಜ್ಞಾನಕ್ಕೆ ಅಡ್ಡ ಬಂದವರಲ್ಲ. ಯಂತ್ರ ಚಿತ್ರವನ್ನು ನೋಡುತ್ತಿತ್ತು, ಅವರು ಮನುಷ್ಯರನ್ನು ನೋಡುತ್ತಿದ್ದರು. ಕ್ಷೇತ್ರಕ್ಕೆ ಹೋಗಿ ತಮ್ಮದೇ ವ್ಯವಸ್ಥೆಯ ಕುಂದನ್ನು ಬರೆದಿಟ್ಟ ಆ ಸಂಶೋಧಕರೂ ಗೌರವಕ್ಕೆ ಅರ್ಹರು.

ಉಪಕರಣ ತಟಸ್ಥ, ಬಳಸುವವರ ಮೇಲೆ ಎಲ್ಲ ನಿಂತಿದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾರ ಚಿತ್ರಗಳಿಂದ ಕಲಿಸಿದೆವು, ತಪ್ಪಾದರೆ ಯಾರ ತಲೆಗೆ ಕಟ್ಟುತ್ತದೆ ಎಂಬುದು ಬಳಕೆಗೆ ಮೊದಲೇ ತೀರ್ಮಾನವಾಗಿರುತ್ತದೆ. 2018ರಲ್ಲಿ ಸಂಶೋಧಕಿಯರಾದ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು ಶೇ. 34.7ರವರೆಗೂ ಹೋಯಿತು, ತಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ಗರಿಷ್ಠ ಶೇ. 0.8. ಇನ್ನು 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಕಪ್ಪು ವರ್ಣದ ಒಬ್ಬ ನಿರಪರಾಧಿಯನ್ನು ಮನೆಯವರ ಕಣ್ಣೆದುರೇ ಕೈಕೋಳ ತೊಡಿಸಿ ಕರೆದೊಯ್ದರು. ಅಂಗಡಿಯ ಕ್ಯಾಮೆರಾದಲ್ಲಿದ್ದ ಕಳ್ಳನ ಮುಖಕ್ಕೆ ಗಣಕ ಅವನ ಮುಖವನ್ನು ಹೊಂದಿಸಿತ್ತು.

ಕಣ್ಣಿನ ತಪಾಸಣೆಗೂ ಈ ಮುಖ ಗುರುತಿಸುವಿಕೆಗೂ ಗಣಿತ ಹೆಚ್ಚುಕಡಿಮೆ ಒಂದೇ. ನೀತಿ ಒಂದೇ ಅಲ್ಲ. ಕಣ್ಣು ತೋರಿಸಲು ಬಂದವಳು ತಾನಾಗಿ ಬಂದಿದ್ದಾಳೆ, ಫಲ ಅವಳದ್ದು, ತಪ್ಪಾದರೆ ಕೇಳಲು ಎದುರಿಗೆ ವೈದ್ಯರಿದ್ದಾರೆ. ರಸ್ತೆಯಲ್ಲಿ ನಡೆಯುವವನ ಮುಖ ಅವನಿಗೆ ಗೊತ್ತಿಲ್ಲದೆ ಸೆರೆಯಾಗುತ್ತದೆ, ಫಲ ಬೇರೆಯವರದ್ದು, ತಪ್ಪಿನ ಭಾರ ಮಾತ್ರ ಅವನದ್ದು. ಕಳೆದುಹೋದ ಮಗು ಇಂಥ ತಂತ್ರದಿಂದಲೇ ಮನೆ ಸೇರಬಹುದು ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದಲೇ ನಾನು ನಿಷೇಧ ಕೇಳುತ್ತಿಲ್ಲ, ಹೊಣೆ ಕೇಳುತ್ತಿದ್ದೇನೆ. ಯಂತ್ರದ ಹೊಂದಾಣಿಕೆಯೊಂದನ್ನೇ ನಂಬಿ ಯಾರನ್ನೂ ಬಂಧಿಸುವುದಿಲ್ಲವೆಂದು ಡೆಟ್ರಾಯಿಟ್ ಪೊಲೀಸರು ಒಪ್ಪಂದಕ್ಕೆ ಬಂದದ್ದು 2024ರಲ್ಲಿ, ಆ ಮನುಷ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ.

ನಮ್ಮಲ್ಲಿ ಅಷ್ಟು ಕಾಯಬಾರದು. ಸರ್ಕಾರ ಇಂಥ ವ್ಯವಸ್ಥೆಯನ್ನು ಕೊಳ್ಳುವಾಗ ನಿಖರತೆಯ ಅಂಕಿಯ ಪಕ್ಕದಲ್ಲೇ ಇನ್ನೆರಡು ಲೆಕ್ಕ ಬಹಿರಂಗವಾಗಬೇಕು: ಪತ್ತೆಯಾದವರಲ್ಲಿ ಎಷ್ಟು ಜನಕ್ಕೆ ಚಿಕಿತ್ಸೆ ತಲುಪಿತು, ತಪ್ಪಾಗಿ ಗುರುತಿಸಲ್ಪಟ್ಟವರು ಯಾರ ಬಳಿ ದೂರಬೇಕು. ಈ ಎರಡನ್ನು ಕೊಡಲಾಗದ ವ್ಯವಸ್ಥೆಗೆ ಸಾರ್ವಜನಿಕರ ಹಣ ಒಂದು ರೂಪಾಯಿಯೂ ಸಲ್ಲಬಾರದು.