ಕರ್ಕಿಯವರು ಆಡಿ ಹೋದ ಮೇಲೆ

ನಮ್ಮ ಅಜ್ಜನ ನೋಟ್‌ಬುಕ್ಕೊಂದು ನನ್ನ ಹತ್ತಿರ ಇದೆ. ರಟ್ಟಿನ ಮೇಲೆ ಎಣ್ಣೆಯ ಕಲೆ, ಹೊಲಿಗೆ ಬಿಚ್ಚಿಹೋಗಿದೆ, ನಡುವಿನ ಕೆಲವು ಹಾಳೆಗಳನ್ನು ಹುಳ ತಿಂದಿದೆ. ಅಜ್ಜ ಗಡಹಿಂಗ್ಲಜ ತಾಲೂಕಿನ ನಮ್ಮ ಹಳ್ಳಿಯಲ್ಲಿ ಜಾತ್ರೆಯ ನಾಟಕಕ್ಕೆ ಪೇಟಿ ನುಡಿಸುತ್ತಿದ್ದವರು. ಊರವರಿಗೆ ಅವರು ಪೇಟಿ ಮಾಸ್ತರು. ನೋಟ್‌ಬುಕ್ಕಿನ ತುಂಬ ನಾಟಕದ ಪದಗಳು. ಪ್ರತಿಯೊಂದರ ತಲೆಯ ಮೇಲೆ ಅದನ್ನು ಯಾವ ಮಟ್ಟಿನಲ್ಲಿ ಹಾಡಬೇಕೆಂದು ಸಣ್ಣ ಅಕ್ಷರದ ಗುರುತು. ಆ ಮಟ್ಟುಗಳಲ್ಲಿ ಮುಕ್ಕಾಲು ಪಾಲು ಮರಾಠಿ ನಾಟ್ಯಪದಗಳವು. ಮರಾಠಿ ಪದದ ಮೊದಲ ನಾಲ್ಕು ಮಾತನ್ನು ಅಜ್ಜ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಅದರ ಕೆಳಗೆ ಕನ್ನಡದ ಹಾಡು.

ಸಣ್ಣವನಿದ್ದಾಗ ಒಮ್ಮೆ ಕೇಳಿದ್ದೆ: “ಅಜ್ಜಾ, ಇದು ಕನ್ನಡದ್ದೋ, ಮರಾಠಿದ್ದೋ?”

ಅಜ್ಜ ಪೇಟಿಯ ಮೇಲಿನ ಬೆರಳು ತೆಗೆಯದೆಯೇ ಹೇಳಿದ್ದರು: “ಇದು ಭೀಮಪಲಾಸ ಐತಿ, ತಮ್ಮಾ.”

ಅಂದು ಆ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ. ಕೇಳಿದ್ದಕ್ಕೆ ಹೇಳಲಿಲ್ಲವಲ್ಲ ಎನಿಸಿತ್ತು. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದವು. ನೋಟ್‌ಬುಕ್ಕು ತೆರೆದಾಗಲೆಲ್ಲ ಆ ಮಾತು ಕೇಳಿಸುತ್ತದೆ, ಪ್ರತಿ ಸಲ ಸ್ವಲ್ಪ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಗಡಹಿಂಗ್ಲಜ ಕೊಲ್ಲಾಪುರ ಜಿಲ್ಲೆಯದು, ಮಹಾರಾಷ್ಟ್ರದ್ದು. ಆದರೆ ಅಂಬೋಲಿಯ ಕಡೆಯಿಂದ ಹರಿದು ಬರುವ ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ನೇರ ಸಂಕೇಶ್ವರಕ್ಕೆ ಬರುತ್ತದೆ, ಮುಂದೆ ಘಟಪ್ರಭೆಗೆ ಸೇರುತ್ತದೆ. ತಾಲೂಕಿನ ಊರುಗಳ ಹೆಸರು ಕೇಳಿ: ಹೆಬ್ಬಾಳ, ಹಲಕರ್ಣಿ, ನೂಲ. ಹೊಲದಲ್ಲಿ ಒಂದು ಮಾತು, ಪೇಟೆಯಲ್ಲಿ ಇನ್ನೊಂದು ಮಾತು ಆಡುವ ಮಂದಿ ನಾವು. ನಾಟಕ ಕನ್ನಡದ್ದಾದರೂ ಮುಂದೆ ಕೂತವರಲ್ಲಿ ಅರ್ಧ ಮಂದಿಯ ಮನೆಮಾತು ಮರಾಠಿ ಇರುತ್ತಿತ್ತು. ಯಾರೂ ನಡುವೆ ಎದ್ದು ಹೋಗುತ್ತಿರಲಿಲ್ಲ.

ಆ ನಾಟಕಗಳನ್ನು ಕಟ್ಟುತ್ತಿದ್ದ ರೀತಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜಾತ್ರೆಗೆ ಎರಡು ತಿಂಗಳಿರುವಾಗ ಗುಡಿಯ ಕಟ್ಟೆಯ ಮೇಲೆ ತಾಲೀಮು ಸುರು. ದಿನವಿಡೀ ಕಬ್ಬು ಕಡಿದವರು, ಎತ್ತು ಹೊಡೆದವರು, ಪಟ್ಟಣದಲ್ಲಿ ಅಂಗಡಿ ಇಟ್ಟವರು ರಾತ್ರಿ ಉಂಡು ಬಂದು ಕೂಡುತ್ತಿದ್ದರು. ಓದು ಬಾರದವನಿಗೆ ಇನ್ನೊಬ್ಬ ಮಾತು ಹೇಳಿಕೊಡಬೇಕು. ಅವನು ಅದನ್ನು ಕೇಳಿ ಕೇಳಿ, ನೀರು ಹಾಯಿಸುವಾಗ ಒದರಿ ಒದರಿ, ಬಾಯಿಪಾಠ ಮಾಡಬೇಕು. ಪರದೆ, ಝಾಲರು, ಅರಮನೆಯ ಸೀನು, ಕಾಡಿನ ಸೀನು ಬಾಡಿಗೆಗೆ ಬರುತ್ತಿದ್ದವು. ಆಟದ ನಡುವೆ ಆಯೇರಿ. ರಾಜನ ಪಾತ್ರದವನಿಗೆ ಅವನ ಸೋದರಮಾವ ಟವೆಲು ಹೊದಿಸಿ ಐದು ರೂಪಾಯಿ ಕೊಡುವ ತನಕ ಯುದ್ಧ ನಿಂತೇ ಇರುತ್ತಿತ್ತು. ಬೆಳಗಿನ ಜಾವಕ್ಕೆ ಮಂಗಳ. ಸೂರ್ಯ ಹುಟ್ಟುವಷ್ಟರಲ್ಲಿ ರಾಜ ಮುಖದ ಬಣ್ಣ ಪೂರ್ತಿ ತೊಳೆಯದೆಯೇ ದನಕ್ಕೆ ಮೇವು ಹಾಕುತ್ತಿದ್ದ. ಅವನ ಕಿವಿಯ ಹಿಂದೆ ಉಳಿದ ಅರದಾಳ ನನಗೆ ಇನ್ನೂ ಕಾಣಿಸುತ್ತದೆ.

ಇದನ್ನೆಲ್ಲ ಇವರಿಗೆ ಯಾರು ಕಲಿಸಿದರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ನಮ್ಮ ಊರಿಂದ ಸಾಂಗ್ಲಿಗೆ ಹೋಗುತ್ತದೆ. ಸಾಂಗ್ಲಿಯಿಂದ ಮತ್ತೆ ಎಲ್ಲಿಗೆ ಎಂದರೆ, ಉತ್ತರ ಕನ್ನಡದ ಸಮುದ್ರದಂಡೆಗೆ.

1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಮೇಳ ಘಟ್ಟ ಹತ್ತಿ ಸಾಂಗ್ಲಿಗೆ ಬಂತು. ಯಕ್ಷಗಾನದವರು. ಆಗ ಮೋಟಾರಿಲ್ಲ, ಈ ಕಡೆಗೆ ರೈಲಿಲ್ಲ. ವೇಷದ ಪೆಟ್ಟಿಗೆ, ಮದ್ದಳೆ, ಕಿರೀಟ ಹೊತ್ತುಕೊಂಡು, ಊರೂರಿಗೆ ಬಿಡಾರ ಮಾಡುತ್ತ, ತಮ್ಮ ಮಾತು ತಿಳಿಯದ ನಾಡಿಗೆ ಆಟ ಆಡಲು ಬಂದ ಆ ಧೈರ್ಯ ಎಂಥದಿರಬೇಕು! ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಆಟ ನೋಡಿದರು. ನೋಡಿ, ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲೂ ಹೀಗೊಂದು ಆಟ ಕಟ್ಟಲು ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿಗರು ಇಂದಿಗೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಭಾವೆಯವರ ಆಟದಲ್ಲಿ ಮೊದಲು ಗಣಪತಿ ಬರಬೇಕು, ಸರಸ್ವತಿ ಬರಬೇಕು, ವಿದೂಷಕ ನಗಿಸಬೇಕು, ಸೂತ್ರಧಾರ ನಿಂತು ಪದ ಹಾಡಬೇಕು, ಪಾತ್ರದವರು ಮಾತನ್ನು ಅಲ್ಲೇ ಕಟ್ಟಿಕೊಂಡು ಆಡಬೇಕು. ನಮ್ಮ ಭಾಗವತರ ಮೇಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮನಸ್ಸು ತಡೆದು ನಿಲ್ಲುವುದು ಇಲ್ಲಿಯೇ. ಆಟ ಮುಗಿಯಿತು, ಕರ್ಕಿಯವರು ಪೆಟ್ಟಿಗೆ ಕಟ್ಟಿದರು, ಮುಂದಿನ ಊರಿಗೆ ಹೊರಟರು. ಸಾಂಗ್ಲಿಯಲ್ಲಿ ಅವರು ಬಿಟ್ಟು ಹೋದದ್ದೇನು? ಗುಡಿ ಕಟ್ಟಿದವನು ಕಲ್ಲು ಬಿಟ್ಟು ಹೋಗುತ್ತಾನೆ, ಕಾವ್ಯ ಬರೆದವನು ಓಲೆ ಬಿಟ್ಟು ಹೋಗುತ್ತಾನೆ. ಆಟ ಆಡಿದವನದು ಬೆಳಗಾದರೆ ಏನೂ ಇಲ್ಲ. ಕಂಡವರ ಕಣ್ಣಿನಲ್ಲಿ ಒಂದಿಷ್ಟು, ಕೇಳಿದವರ ಕಿವಿಯಲ್ಲಿ ಒಂದಿಷ್ಟು. ಅಷ್ಟೇ ಇಟ್ಟುಕೊಂಡು, ಮಾತು ಕೂಡ ಪೂರ್ತಿ ತಿಳಿಯದೆ, ಒಂದು ಇಡೀ ನಾಡು ತನ್ನ ರಂಗಭೂಮಿಯನ್ನು ಕಟ್ಟಿಕೊಂಡಿತು.

ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಒಂದು ಕೂಸು ಹುಟ್ಟಿತು. ಬಲವಂತ ಪಾಂಡುರಂಗ ಕಿರ್ಲೋಸ್ಕರ, ಜನರ ಬಾಯಲ್ಲಿ ಅಣ್ಣಾಸಾಹೇಬ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ, ಸೂತ್ರಧಾರನ ಬಾಯಿಂದ ಹಾಡನ್ನು ಬಿಡಿಸಿ ಪಾತ್ರದವರ ಬಾಯಿಗೆ ಕೊಟ್ಟವರು ಇವರೇ. ಮರಾಠಿ ಸಂಗೀತ ನಾಟಕ ಎದ್ದು ನಿಂತದ್ದು ಅಲ್ಲಿಂದ. 1885ರಲ್ಲಿ ಅವರು ತೀರಿಕೊಂಡದ್ದು ತಮ್ಮ ಗುರ್ಲಹೊಸೂರಿನಲ್ಲಿಯೇ.

ಇನ್ನು ಕೊಲ್ಲಾಪುರದ ಕೇಶವರಾವ್ ಭೋಸಲೆ. 1890ರ ಆಗಸ್ಟ್ 9ರಂದು ಹುಟ್ಟಿದ ಹುಡುಗ. ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿ ‘ಸಂಗೀತ ಶಾರದಾ’ದ ಶಾರದೆಯಾಗಿ ಹೆಸರು ಮಾಡಿದ. ಹದಿನೇಳು ತುಂಬಿದ ಮೇಲೆ ಸ್ವಂತ ಕಂಪನಿ ಕಟ್ಟಿದ. ಅದೇ ‘ಲಲಿತಕಲಾದರ್ಶ’. ಕಟ್ಟಿದ್ದು ಎಲ್ಲಿ? ಕೊಲ್ಲಾಪುರದಲ್ಲಲ್ಲ, ಪುಣೆಯಲ್ಲಲ್ಲ, ನಮ್ಮ ಹುಬ್ಬಳ್ಳಿಯಲ್ಲಿ, 1908ರ ಜನವರಿ 1ರಂದು. ಮರಾಠಿ ರಂಗಭೂಮಿಯ ಬಹುದೊಡ್ಡ ಕಂಪನಿಗಳಲ್ಲಿ ಒಂದು ಕನ್ನಡದ ಊರಿನಲ್ಲಿ ಕಣ್ಣು ಬಿಟ್ಟಿತು ಎಂಬುದನ್ನು ಹುಬ್ಬಳ್ಳಿಯವರಾದರೂ ಎಷ್ಟು ಮಂದಿ ನೆನೆಯುತ್ತಾರೆ? 1921ರ ಜುಲೈ 8ರಂದು ಮುಂಬಯಿಯಲ್ಲಿ ತಿಲಕ್ ಸ್ವರಾಜ್ ನಿಧಿಗಾಗಿ ‘ಮಾನಾಪಮಾನ’ ಆಡಿದಾಗ, ಒಂದೇ ರಂಗದ ಮೇಲೆ ಬಾಲಗಂಧರ್ವರು ಭಾಮಿನಿ, ಕೇಶವರಾವ್ ಧೈರ್ಯಧರ. ಎರಡು ಕಂಪನಿಗಳ ಇಬ್ಬರು ದೊರೆಗಳು ದೇಶದ ಕೆಲಸಕ್ಕೆ ಒಂದಾದ ರಾತ್ರಿ ಅದು. ಮೂರು ತಿಂಗಳೂ ಕಳೆಯಲಿಲ್ಲ, ಅಕ್ಟೋಬರ್ 4ರಂದು ಕೇಶವರಾವ್ ತೀರಿಕೊಂಡರು. ಮೂವತ್ತೊಂದೇ ವರ್ಷ.

ಕೊಟ್ಟದ್ದು ಬರಿ ಒಂದು ಕಡೆಯಿಂದ ಅಲ್ಲ. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಹೆಣ್ಣು ವೇಷ ಹಾಕಿ ಹಾಡಿ ‘ಸವಾಯಿ ಗಂಧರ್ವ’ ಎನಿಸಿಕೊಂಡರು. ಕೊಲ್ಲಾಪುರದಲ್ಲಿ ಹುಟ್ಟಿದ ವಿ. ಶಾಂತಾರಾಮ್ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದರು. ಅವರಿಗೆ ಸಿನಿಮಾ ಕಲಿಸಿದ ಬಾಬುರಾವ್ ಪೇಂಟರ್ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಮರಾಠಿ ಕಂಪನಿಗಳು ಗದಗಿಗೆ, ಧಾರವಾಡಕ್ಕೆ ಬಂದು ಮನೆಮಾತಾದಾಗ, ಕನ್ನಡದಲ್ಲಿ ಇಂಥದು ಆಗದೇ ಎಂದು ಗದಗಿನಲ್ಲಿ ಎದ್ದು ನಿಂತವರು ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು. ಅವರ ಹಿಂದೆ ಗರೂಡ ಸದಾಶಿವರಾಯರು, ವಾಮನರಾವ್ ಮಾಸ್ತರರು. ಹಟದಿಂದ ಎದ್ದವರು ನಿಜ. ಆದರೆ ಆ ಹಟಕ್ಕೂ ಬೇಕಾದ ಮಟ್ಟು ಮರಾಠಿ ಪದಗಳದೇ ಆಗಿತ್ತು. ಕರ್ಕಿಯಿಂದ ಹೋದದ್ದು ಎಷ್ಟೋ ವರ್ಷ ಆಚೆ ಇದ್ದು, ಬೇರೆ ಸೀರೆ ಉಟ್ಟು, ತವರಿಗೆ ಬಂದಂತೆ ಬಂತು. ಗುರುತು ಹಿಡಿಯಲು ನಮಗೆ ಬಹಳ ಕಾಲ ಬೇಕಾಯಿತು.

ಇಚಲಕರಂಜಿಯದೂ ಇದೇ ಕತೆ. 1904ರಲ್ಲಿ ಮೊದಲ ಪಾವರ್‌ಲೂಮ್ ಬಂದ ಮೇಲೆ ಅದು ಮಗ್ಗದ ಊರು. ಆದರೆ ಅದೇ ಊರಿನ ಜಹಗೀರದಾರರ ಆಶ್ರಯದಲ್ಲಿ ಬಾಳಕೃಷ್ಣಬುವಾ ಇಚಲಕರಂಜಿಕರ್ ಗ್ವಾಲಿಯರ್ ಗಾಯನವನ್ನು ಈ ಸೀಮೆಗೆ ತಂದು ನೆಲೆ ನಿಲ್ಲಿಸಿದರು. ವಿಷ್ಣು ದಿಗಂಬರ ಪಲುಸ್ಕರರಿಗೆ ಅವರೇ ಗುರು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮವರು ಆ ಊರಲ್ಲಿ ರಾತ್ರಿ ಪಾಳಿ ಮುಗಿಸಿ ಬರುವಾಗ ಗುನುಗುವ ಪದಗಳನ್ನು ನಾನು ಕೇಳಿದ್ದೇನೆ. ಮಗ್ಗದ ಸದ್ದಿನ ನಡುವೆಯೂ ಶ್ರುತಿ ತಪ್ಪುತ್ತಿರಲಿಲ್ಲ.

ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನದ ಮಗ್ಗುಲಿಗೆ ಒಂದು ನಾಟಕ ಮಂದಿರ ಕಟ್ಟಿಸಿದರು. 1915ರಲ್ಲಿ ಬಾಗಿಲು ತೆರೆದ ಪ್ಯಾಲೇಸ್ ಥಿಯೇಟರ್ ಮುಂದೆ ಕೇಶವರಾವ್ ಭೋಸಲೆ ನಾಟ್ಯಗೃಹವಾಯಿತು. ಒಂದು ಗೋಡೆಯ ಆಚೆ ಕೆಂಪು ಮಣ್ಣಿನಲ್ಲಿ ಪೈಲವಾನರು, ಈಚೆ ಬೆಳಕಿನಲ್ಲಿ ಗಂಧರ್ವರು. ಊರೆಂದರೆ ಹೀಗಿರಬೇಕು. 2024ರ ಆಗಸ್ಟ್ 8ರ ರಾತ್ರಿ ಆ ರಂಗಮಂದಿರ ಹೊತ್ತಿ ಉರಿಯಿತು. ಮರುದಿನ ಕೇಶವರಾವ್ ಅವರ ಹುಟ್ಟುಹಬ್ಬ.

ಕೆಲವು ದಿನ ಬಿಟ್ಟು ನಾನು ಹೋಗಿ ನೋಡಿದೆ. ಕಲ್ಲಿನ ಗೋಡೆ ನಿಂತಿತ್ತು, ಒಳಗೆ ಆಕಾಶ. ರಸ್ತೆಯಲ್ಲಿ ನಿಂತ ಮಂದಿ ಚಪ್ಪಲಿ ಕಳಚಿ, ಗುಡಿಯ ಮುಂದೆ ನಿಂತಂತೆ ನಿಂತಿದ್ದರು. ನನ್ನ ಪಕ್ಕದಲ್ಲಿದ್ದ ಮುದುಕರು ಏನೋ ಗುನುಗುತ್ತಿದ್ದರು. ಮರಾಠಿ ಪದ. ಅದು ನಮ್ಮ ಅಜ್ಜನ ನೋಟ್‌ಬುಕ್ಕಿನ ಮೂರನೆಯ ಹಾಳೆಯ ಮಟ್ಟು. ಗಂಟಲು ಕಟ್ಟಿತು. ನಾನೂ ಅದೇ ಮಟ್ಟಿನಲ್ಲಿ, ನಮ್ಮ ಕನ್ನಡದ ಮಾತು ಹಾಕಿ, ಬಾಯೊಳಗೇ ಹಾಡಿದೆ. ಅವರು ನನ್ನ ಕಡೆ ತಿರುಗಿ ನೋಡಿದರು, ತಲೆದೂಗಿದರು, ಮುಂದಿನ ಸಾಲು ಹಿಡಿದರು. ಕಟ್ಟಡ ಬೂದಿಯಾದ ಜಾಗದಲ್ಲಿ ಒಂದು ಪದ ಇಬ್ಬರ ಬಾಯಲ್ಲಿ ಎರಡು ಭಾಷೆಯಲ್ಲಿ ಉಳಿದಿತ್ತು. ಅಜ್ಜ ಅಂದು ಹೇಳಿದ ಉತ್ತರ ನನಗೆ ತಿಳಿದದ್ದು ಆ ಹೊತ್ತಿಗೆ.

ಹೊರಗಿನವರು ಗಡಿ ಎಂದೊಡನೆ ಜಗಳ ನೆನೆಯುತ್ತಾರೆ. ಜಗಳ ಇದೆ, ನೋವೂ ಇದೆ, ಅದನ್ನು ಉಂಡವರು ನಾವು. ಆದರೂ ಸಾಂಗ್ಲಿಯ ಆ ರಾತ್ರಿಯಿಂದ ಇಲ್ಲಿಯವರೆಗೆ ಈ ಸೀಮೆ ಎರಡೂ ಕೈಯಿಂದ ಕೊಟ್ಟು ಎರಡೂ ಕೈಯಿಂದ ಪಡೆದ ಒಂದು ವಸ್ತು ಇದ್ದರೆ ಅದು ನಾಟಕ.

ಈಗ ಊರಲ್ಲಿ ತಾಲೀಮು ನಡೆಯುವುದು ಕಡಿಮೆ. ಪೇಟಿ ನುಡಿಸುವವರು ಒಬ್ಬಿಬ್ಬರು. ಆದರೆ ಹಿರಣ್ಯಕೇಶಿಯ ದಂಡೆಯಿಂದ ಪಂಚಗಂಗೆಯ ದಂಡೆಯ ತನಕ ಎಷ್ಟೋ ಮನೆಗಳ ಅಟ್ಟದಲ್ಲಿ, ದೇವರ ಕೋಣೆಯ ಮಾಡದಲ್ಲಿ, ಇಂಥ ನೋಟ್‌ಬುಕ್ಕುಗಳು ಇರಲೇಬೇಕು. ನಿಮ್ಮ ಮನೆಯಲ್ಲಿ ಒಂದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಮ್ಮೆ ಬಿಸಿಲಿಗೆ ಇಟ್ಟು, ಧೂಳು ಒರೆಸಿ, ಮನೆಯ ಹಿರಿಯರು ಯಾರಾದರೂ ಇದ್ದರೆ ಅವರ ಮುಂದೆ ತೆರೆದಿಡಿ. ಪದದ ತಲೆಯ ಮೇಲಿನ ಸಣ್ಣ ಅಕ್ಷರವನ್ನು ಅವರಿಂದ ಓದಿಸಿ, ಹಾಡಿಸಿಕೊಳ್ಳಿ.