ಮೋಡದ ಮೇಲಿನ ಅಳು

ವಿಮಾನದಲ್ಲಿ ಸಿನಿಮಾ ನೋಡುವಾಗ ಬರುವ ಅಳು ಯಾರಿಗಾಗಿ? ಪರದೆಯ ಮೇಲಿನ ಪಾತ್ರಕ್ಕೋ, ನಮಗೋ? ದೂರ ಪ್ರಯಾಣ ಮಾಡಿದವರು ಹೇಳುವುದುಂಟು: ಊರಿನಲ್ಲಿ ನಕ್ಕು ಮರೆಯುವಂಥ ಚಿತ್ರವೂ ಅಲ್ಲಿ ಗಂಟಲು ಕಟ್ಟಿಸುತ್ತದೆ.

ದೇಹದ ಕಾರಣಗಳಿವೆ. ವಿಮಾನದೊಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಅಂದರೆ ಚಾಮುಂಡಿ ಬೆಟ್ಟದ ಸುಮಾರು ಎರಡರಷ್ಟು ಎತ್ತರದಲ್ಲಿ, ಒಣಗಾಳಿಯಲ್ಲಿ, ನಿದ್ದೆಗೆಟ್ಟು ಕೂತಂತೆ. ಆದರೆ ದಣಿವು ಅಳುವನ್ನು ಸುಲಭ ಮಾಡೀತು. ಯಾವುದಕ್ಕೆ ಅಳಬೇಕೆಂದು ಹೇಳಿಕೊಡಲಾರದು.

ನಾನು ‘ತಿಥಿ’ಯನ್ನು ಎರಡು ಸಲ ನೋಡಿದ್ದೇನೆ. ಮೊದಲ ಸಲ 2016ರಲ್ಲಿ, ಮೈಸೂರಿನ ಚಿತ್ರಮಂದಿರದಲ್ಲಿ, ಗೆಳೆಯರ ಜೊತೆ. ನೂರೊಂದು ವರ್ಷದ ಸೆಂಚುರಿ ಗೌಡ ಆರಂಭದಲ್ಲೇ ಕುಸಿದು ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ಸಲ ನೋಡಿದ್ದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ನೇರ ವಿಮಾನದಲ್ಲಿ. ಹದಿನಾರು ಗಂಟೆಗೂ ಮೀರಿದ ಹಾರಾಟ. ಮುದುಕ ಬಿದ್ದ ಕೂಡಲೇ ಕಣ್ಣು ತುಂಬಿತು. ಹಾಸಿಗೆ ಹಿಡಿದಿದ್ದ ತಾತನಿಗೆ ‘ಎರಡೇ ವಾರ, ಬಂದ್ಬಿಡ್ತೀನಿ’ ಎಂದು ಹೇಳಿ ಹೊರಟಿದ್ದೆ.

ಅಭಿನವಗುಪ್ತ ಇದನ್ನು ರಸವೆಂದು ಒಪ್ಪುತ್ತಿರಲಿಲ್ಲ. ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಅವನು ರಸಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ನೋಡುವವನು ತನ್ನದೇ ಸುಖದುಃಖಗಳಿಗೆ ವಶನಾಗುವುದು ಅವುಗಳಲ್ಲೊಂದು. ಅದನ್ನು ಕಳೆಯಲೆಂದೇ ವಾದ್ಯ, ಗಾನ, ಅಲಂಕೃತ ಮಂಟಪಗಳು ಬೇಕು. ನಮಗೆ ಆ ಕೆಲಸವನ್ನು ಚಿತ್ರಮಂದಿರದ ಕತ್ತಲೆ ಮತ್ತು ಪಕ್ಕದವರ ನಗು ಮಾಡುತ್ತವೆ. ವಿಮಾನದ ಆಸನದಲ್ಲಿ ಅಂಗೈಯಗಲದ ಪರದೆ, ಕಿವಿಗೊಂದು ಹೆಡ್‌ಫೋನು, ಉಳಿದದ್ದೆಲ್ಲ ನಮ್ಮ ಚಿಂತೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು ಕಲಾನುಭವ ಮನುಷ್ಯನನ್ನು ‘ನಾನು, ನನ್ನದು’ಗಳಿಂದ ಬಿಡಿಸುತ್ತದೆ, ಆದರೆ ಆ ಬಿಡುಗಡೆ ತಾತ್ಕಾಲಿಕ ಎಂದರು. ನನಗೆ ಆ ತಾತ್ಕಾಲಿಕ ಬಿಡುಗಡೆಯೂ ದಕ್ಕಲಿಲ್ಲ.

ಹಾಗಾದರೆ ಆ ಅಳು ಕೀಳೇ? ನನಗೆ ಹಾಗನ್ನಿಸುವುದಿಲ್ಲ. ಅದು ಕಲೆಯ ಲೆಕ್ಕಕ್ಕೆ ಸೇರದಿದ್ದರೆ ಬದುಕಿನ ಲೆಕ್ಕಕ್ಕೆ ಸೇರುತ್ತದೆ, ಅಷ್ಟೆ. ವ್ಯತ್ಯಾಸವಿರುವುದು ಆಮೇಲೆ. ರಸವನ್ನು ಚಿತ್ರಮಂದಿರದಲ್ಲೇ ಬಿಟ್ಟು ಎದ್ದು ಬಂದರೆ ಯಾರಿಗೂ ಅನ್ಯಾಯವಿಲ್ಲ. ಸೆಂಚುರಿ ಗೌಡನಿಗೆ ನಾನು ಕೊಡಬೇಕಾದ ಬಾಕಿ ಏನೂ ಇಲ್ಲ. ತಾತನಿಗೆ ಇದೆ.

ತೊಡಕೆಂದರೆ, ಬೆಲ್ಟ್ ಬಿಗಿದು ಕೂತವನು ಅಲ್ಲಿ ಅಳುವುದು ಬಿಟ್ಟು ಬೇರೇನೂ ಮಾಡಲಾರ. ಹಾಗಾಗಿ ಅತ್ತದ್ದೇ ಸಾಕು, ಕರ್ತವ್ಯ ತೀರಿತು ಎಂಬ ಸಮಾಧಾನ ಹುಟ್ಟಿಕೊಳ್ಳುತ್ತದೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ. ಆ ದಾರಿಯಲ್ಲಿ ಓಡಾಡುವವರಿಗೆ ಈ ಸಮಾಧಾನದ ರುಚಿ ಗೊತ್ತು. ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಕಣ್ಣು ಆರಿರುತ್ತದೆ. ಆಮೇಲೂ ಮನೆಗೆ ಫೋನ್ ಮಾಡಿ, ಸುಸ್ತಾಗಿದೆ ಎನ್ನದೆ ಅರ್ಧ ಗಂಟೆ ಅವರ ಮಾತು ಕೇಳಿದರೆ, ಆ ಅಳು ಅವರಿಗಾಗಿ ಬಂದದ್ದು. ಇಲ್ಲದಿದ್ದರೆ ನಮಗಾಗಿಯೇ ಬಂದದ್ದು.